ಹಿತ್ತಲ ಬಾಗಿಲಿನ ದೊರೆಸಾನಿಯರು

ಗಾಯಕಿಯೊಬ್ಬರ ಧ್ವನಿ ಬಾನುಲಿಯ ಮೂಲಕ ನಮ್ಮ ಮನೆಯೊಳಕ್ಕೆ ಬರುವಾಗ ಅದಕ್ಕೆ ಯಾವ ಬಾಗಿಲೂ ಅಡ್ಡವಾಗುವುದಿಲ್ಲ. ನಾನು ಜಾಝ್ ಸಂಗೀತವನ್ನು ಮೊದಲು ಕೇಳಿದ್ದು ಹಾಗೆಯೇ. 'ವಾಯ್ಸ್ ಆಫ್ ಅಮೆರಿಕ'ದಲ್ಲಿ 1955ರಲ್ಲಿ ಆರಂಭವಾಗಿ ದಶಕಗಳ ಕಾಲ ನಡೆದ ವಿಲ್ಲಿಸ್ ಕಾನೋವರ್ ಅವರ ಜಾಝ್ ಕಾರ್ಯಕ್ರಮವನ್ನು ಹಿಡಿಯಲೆಂದು, ರಾತ್ರಿಯ ಹೊತ್ತು ಶಾರ್ಟ್‌ವೇವ್ ರೇಡಿಯೋದ ಗುಂಡಿ ತಿರುಗಿಸುತ್ತ ಕುಳಿತಿರುತ್ತಿದ್ದ ದಿನಗಳು ಈಗಲೂ ನೆನಪಿವೆ. ಒಂದು ರಾತ್ರಿ ಗೊರಗೊರ ಸದ್ದಿನ ನಡುವೆ ಒಂದು ಹೆಣ್ಣುದನಿ ತೇಲಿ ಬಂದಿತು. ಅದು ದೊಡ್ಡ ದನಿಯಲ್ಲ, ತಾರಸ್ಥಾಯಿಯ ಸಾಹಸವೂ ಅದರಲ್ಲಿರಲಿಲ್ಲ. ತಾಳಕ್ಕಿಂತ ತುಸು ಹಿಂದೆ ಉಳಿದು, ಇನ್ನೇನು ತಪ್ಪಿತು ಎನ್ನುವಷ್ಟರಲ್ಲಿ ಬಂದು ಸೇರಿಕೊಳ್ಳುವ ದನಿ ಅದು. ಹಾಡಿದವರ ಹೆಸರು ಬಿಲ್ಲಿ ಹಾಲಿಡೇ ಎಂದು ತಿಳಿಯಿತು. ಇಂಥ ಗಾಯಕಿ ತನ್ನ ನಗರದಲ್ಲಿ ರಾಣಿಯಂತೆ ಬಾಳಿರಬೇಕೆಂದು ನಾನು ಊಹಿಸಿಕೊಂಡೆ.

ಆ ಊಹೆ ತಪ್ಪೆಂದು ತಿಳಿದದ್ದು ಬಹಳ ಕಾಲದ ಮೇಲೆ, ಪುಸ್ತಕಗಳನ್ನು ಓದಿದಾಗ. ಆ ನಗರ ನ್ಯೂಯಾರ್ಕ್. ಅಲ್ಲಿ ಆಕೆಯ ಹಾಡಿಗೆ ಚಪ್ಪಾಳೆಗೆ ಕೊರತೆ ಇರಲಿಲ್ಲ. ಆದರೆ ಹಾಡುವ ಸ್ಥಳಕ್ಕೆ ಹೋಗಲು ಸರಕಿನ ಲಿಫ್ಟು, ವಿರಾಮದಲ್ಲಿ ಕೂರಲು ಯಾರ ಕಣ್ಣಿಗೂ ಬೀಳದ ಮೂಲೆ, ಕೊನೆಗೆ ಹಾಡಬೇಕೆಂದರೆ ಪೊಲೀಸರ ಕಾರ್ಡು! ಕಲಾವಿದರ ಸಾಮಾಜಿಕ ಸ್ಥಾನಮಾನವನ್ನು ನಾವು ಸಾಮಾನ್ಯವಾಗಿ ಚಪ್ಪಾಳೆಯಿಂದ ಅಳೆಯುತ್ತೇವೆ. ಅದನ್ನು ಅಳೆಯಬೇಕಾದದ್ದು ಬಾಗಿಲಿನಿಂದ, ಕುರ್ಚಿಯಿಂದ, ಕಾಗದಪತ್ರದಿಂದ ಎಂಬುದು ನ್ಯೂಯಾರ್ಕಿನ ಜಾಝ್ ಗಾಯಕಿಯರ ಚರಿತ್ರೆ ನನಗೆ ಕಲಿಸಿದ ಪಾಠ. ಇಂದು ನಿಮ್ಮ ಮುಂದೆ ಇಡಬಯಸುವುದು ಆ ಮಾತನ್ನೇ.

ಮೊದಲು ಕುರ್ಚಿಯ ವಿಷಯ. ಜಾಝ್ ಎಂಬುದು ಅಮೆರಿಕದ ಕಪ್ಪು ಜನ ಕಟ್ಟಿ ಬೆಳೆಸಿದ ಸಂಗೀತ. ಗೊತ್ತಾದ ಒಂದು ರಾಗರಚನೆಯನ್ನು ಆಧಾರವಾಗಿಟ್ಟುಕೊಂಡು ಕಲಾವಿದ ಆ ಕ್ಷಣಕ್ಕೆ ಹೊಸದನ್ನು ಕಟ್ಟುತ್ತ ಹೋಗುವುದು ಅದರ ಜೀವಾಳ. ನಮ್ಮವರು ಮನೋಧರ್ಮ ಎನ್ನುವುದಕ್ಕೆ ಅದು ಹತ್ತಿರದ ನೆಂಟ. ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ನಮ್ಮ ಕಚೇರಿಯಲ್ಲಿ ಹಾಡುವವರು ನಡುವೆ ಕೂರುತ್ತಾರೆ, ವಾದ್ಯದವರು ಪಕ್ಕದಲ್ಲಿ. 1930ರ ದಶಕದ ಜಾಝ್ ವಾದ್ಯಮೇಳದಲ್ಲಿ ಇದು ತಲೆಕೆಳಗು. ಮೇಳ ವಾದಕರದು. ಗಾಯಕಿ ಒಳ್ಳೆಯ ಉಡುಪು ತೊಟ್ಟು ವೇದಿಕೆಯ ಒಂದು ಬದಿಯ ಕುರ್ಚಿಯಲ್ಲಿ ಮುಗುಳ್ನಗುತ್ತ ಕುಳಿತಿರಬೇಕು. ತುತ್ತೂರಿ, ಸ್ಯಾಕ್ಸೋಫೋನುಗಳ ಅಬ್ಬರದ ನಡುವೆ ಆಕೆಯ ಸರದಿ ಬಂದಾಗ ಎದ್ದು ಒಂದು ಸುತ್ತು ಹಾಡಿ ಮತ್ತೆ ಕುಳಿತುಕೊಳ್ಳಬೇಕು. ಇಂಥವರನ್ನು ಪತ್ರಿಕೆಗಳು, ಮೇಳದವರು ಕರೆಯುತ್ತಿದ್ದ ಹೆಸರು 'ಕ್ಯಾನರಿ', ಎಂದರೆ ಪಂಜರದಲ್ಲಿ ಸಾಕುವ ಪುಟ್ಟ ಹಾಡುಹಕ್ಕಿ. ಗ್ರಾಮಫೋನ್ ತಟ್ಟೆಯ ಮೇಲೆ ಮೇಳದ ಯಜಮಾನನ ಹೆಸರು ದಪ್ಪಕ್ಷರದಲ್ಲಿ, ಗಾಯಕಿಯದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ. ಎಷ್ಟೋ ತಟ್ಟೆಗಳಲ್ಲಿ ಅದೂ ಇಲ್ಲ.

ವಾದಕರ ಕಣ್ಣಿನಲ್ಲಿ ಹಾಡುವವರು ಸಂಗೀತಗಾರರೇ ಅಲ್ಲ ಎಂಬ ಭಾವನೆ ಬಲವಾಗಿತ್ತು. ಇದು ಬರಿಯ ತಮಾಷೆಯ ಮಾತಾಗಿರಲಿಲ್ಲ, ನಿಯಮವೂ ಆಗಿತ್ತು. ವಾದಕರ ಸಂಘವೇ ಬೇರೆ, ಗಾಯಕರು ಸೇರಬೇಕಾದ ಸಂಘವೇ ಬೇರೆ. ಎರಡನೆಯದರಲ್ಲಿ ಮೋಡಿಗಾರರು, ದೊಂಬರಾಟದವರು, ವಿದೂಷಕರು ಎಲ್ಲರೂ ಇದ್ದರು. ಸಾರಾ ವಾನ್ ಎಂಬ ಅದ್ಭುತ ಗಾಯಕಿ 1943ರಲ್ಲಿ ಅರ್ಲ್ ಹೈನ್ಸ್ ಅವರ ಮೇಳವನ್ನು ಸೇರಿದಾಗ ಆಕೆಯನ್ನು ಎರಡನೆಯ ಪಿಯಾನೋ ವಾದಕಿ ಎಂದು ಲೆಕ್ಕಕ್ಕೆ ಹಿಡಿದರು. ವಾದಕರ ಸಂಘದ ವ್ಯಾಪ್ತಿಯಲ್ಲಿ ಸೇರಿಸಿಕೊಳ್ಳುವುದಕ್ಕಾಗಿ ಹೂಡಿದ ಉಪಾಯ ಅದು ಎಂದು ಹೇಳುವುದುಂಟು. ಆಕೆಗೆ ಪಿಯಾನೋ ಚೆನ್ನಾಗಿಯೇ ಬರುತ್ತಿತ್ತು, ನಿಜ. ಆದರೂ ಗಾಯನದಲ್ಲಿ ಸಾಟಿಯಿಲ್ಲದವರು ವಾದಕಿಯೆಂಬ ಹೆಸರಿನಲ್ಲಿ ಒಳಗೆ ಬರಬೇಕಾಯಿತಲ್ಲ, ಅದನ್ನು ಯೋಚಿಸಬೇಕು.

ಕುರ್ಚಿ ಸಿಕ್ಕುವುದಾದರೂ ಸುಲಭವಾಗಿತ್ತೆ? 1934ರ ನವೆಂಬರ್ 21ರಂದು ಹಾರ್ಲೆಮ್ ಬಡಾವಣೆಯ ಅಪೊಲೊ ರಂಗಮಂದಿರದಲ್ಲಿ ಹವ್ಯಾಸಿಗಳ ಸ್ಪರ್ಧೆ ನಡೆದಿತ್ತು. ಹದಿನೇಳು ವರ್ಷದ ಹುಡುಗಿಯೊಬ್ಬಳು ಕುಣಿಯಬೇಕೆಂದು ಬಂದವಳು, ಅವಳಿಗಿಂತ ಮೊದಲು ಕುಣಿದವರ ಕೌಶಲವನ್ನು ಕಂಡು ಅಳುಕಿ, ಕುಣಿತವನ್ನು ಬಿಟ್ಟು ಹಾಡಿದಳು. ತಾಯಿ ತೀರಿಕೊಂಡಿದ್ದರು. ಹುಡುಗಿ ಸರ್ಕಾರದ ಬಾಲಕಿಯರ ಸುಧಾರಣಾಲಯದಿಂದ ತಪ್ಪಿಸಿಕೊಂಡು ಬೀದಿಯಲ್ಲಿ ದಿನ ಕಳೆಯುತ್ತಿದ್ದಳು. ಮೊದಲ ಬಹುಮಾನವಾದ 25 ಡಾಲರ್ ಅವಳಿಗೇ ಬಂದಿತು. ಗೆದ್ದವರಿಗೆ ಅದರ ಜೊತೆಗೆ ಒಂದು ವಾರ ಅಲ್ಲಿಯೇ ಹಾಡುವ ಅವಕಾಶವೂ ಇತ್ತು. ಅದು ಅವಳಿಗೆ ದೊರೆಯಲಿಲ್ಲ. ಅವಳ ಕೊಳೆಬಟ್ಟೆ, ಕೆದರಿದ ತಲೆಯೇ ಕಾರಣವೆನ್ನುತ್ತಾರೆ. ತಾಳವಾದ್ಯದ ಮಾಂತ್ರಿಕ ಚಿಕ್ ವೆಬ್ ಕೂಡ ಮೊದಲು ಅವಳ ರೂಪವನ್ನು ನೋಡಿ ಹಿಂಜರಿದರು, ಆಮೇಲೆ ದನಿ ಕೇಳಿ ಮೇಳಕ್ಕೆ ಸೇರಿಸಿಕೊಂಡರು. ಆ ಹುಡುಗಿಯೇ ಎಲ್ಲಾ ಫಿಟ್ಸ್‌ಜೆರಾಲ್ಡ್. 1938ರಲ್ಲಿ ಮಕ್ಕಳ ಪದವೊಂದನ್ನು ಆಧರಿಸಿ ಆಕೆ ಹಾಡಿದ 'ಎ-ಟಿಸ್ಕೆಟ್, ಎ-ಟಾಸ್ಕೆಟ್' ಇಡೀ ದೇಶದ ಬಾಯಲ್ಲಿ ಕುಣಿಯಿತು. ಮರುವರ್ಷ ವೆಬ್ ತೀರಿಕೊಂಡಾಗ ಮೇಳವನ್ನು ಆಕೆಯ ಹೆಸರಿನಲ್ಲಿಯೇ ನಡೆಸಬೇಕಾಯಿತು. ಬದಿಯ ಕುರ್ಚಿಯಿಂದ ನಡುವೇದಿಕೆಗೆ ಬರಲು ಯಜಮಾನನ ಮರಣವೇ ದಾರಿಯಾದದ್ದು ವಿಷಾದದ ಸಂಗತಿ.

ಇನ್ನು ಬಾಗಿಲಿನ ವಿಷಯ. ಹಾರ್ಲೆಮ್ ಕಪ್ಪು ಜನರ ಬಡಾವಣೆ. ಆದರೆ ಅಲ್ಲಿನ ಪ್ರಸಿದ್ಧ ಕಾಟನ್ ಕ್ಲಬ್ಬಿನಲ್ಲಿ ವೇದಿಕೆಯ ಮೇಲೆ ಕಪ್ಪು ಕಲಾವಿದರು, ಎದುರಿನ ಮೇಜುಗಳಲ್ಲಿ ಬಿಳಿಯ ಗಿರಾಕಿಗಳು. ತಮ್ಮ ಬೀದಿಯಲ್ಲಿ ತಮ್ಮವರೇ ಹಾಡುವುದನ್ನು ಕೇಳಲು ಆ ಬಡಾವಣೆಯ ಜನಕ್ಕೆ ಒಳಗೆ ಪ್ರವೇಶವಿರಲಿಲ್ಲ. ಇದೇ ಹಾರ್ಲೆಮಿನ ಸವಾಯ್ ನರ್ತನಶಾಲೆಯಲ್ಲಿ ಮಾತ್ರ ಎರಡೂ ಬಣ್ಣದವರು ಒಂದೇ ನೆಲದ ಮೇಲೆ ಕುಣಿಯುತ್ತಿದ್ದರು. ಚಿಕ್ ವೆಬ್ ಮೇಳದೊಡನೆ ಎಲ್ಲಾ ಹಾಡಿ ಬೆಳೆದದ್ದು ಅಲ್ಲಿಯೇ.

ಸಣ್ಣ ಪಾನಗೃಹಗಳ ರೀತಿಯೇ ಬೇರೆ. ಅಲ್ಲಿ ಹಾಡುವ ಹುಡುಗಿಯರಿಗೆ ಸಂಬಳಕ್ಕಿಂತ ಗಿರಾಕಿಗಳು ಕೊಡುವ ಇನಾಮೇ ಮುಖ್ಯ. ಮೇಜಿನ ಮೇಲಿಟ್ಟ ನೋಟನ್ನು ಲಂಗವೆತ್ತಿ ನಾಚಿಕೆಗೇಡಿನ ರೀತಿಯಲ್ಲಿ ತೆಗೆದುಕೊಳ್ಳಬೇಕೆಂಬುದು ಆ ಸ್ಥಳಗಳ ವಾಡಿಕೆ. ಬಿಲ್ಲಿ ಹಾಲಿಡೇ ಅದಕ್ಕೆ ಒಪ್ಪಲಿಲ್ಲ. ಜೊತೆಯ ಹುಡುಗಿಯರು 'ಇವಳೊಬ್ಬಳು ದೊರೆಸಾನಿ' ಎಂದು ಅಣಕಿಸಿ ಆಕೆಯನ್ನು 'ಲೇಡಿ' ಎಂದು ಕರೆಯತೊಡಗಿದರು. 1956ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆಕೆಯೇ ಇದನ್ನು ಹೇಳಿಕೊಂಡಿದ್ದಾರೆ. ಆ ಪುಸ್ತಕದ ಎಲ್ಲ ವಿವರಗಳನ್ನೂ ಸಂಶೋಧಕರು ಒಪ್ಪುವುದಿಲ್ಲ. ಆದರೆ ಈ ಸಂಗತಿಯ ಹಿಂದಿರುವ ಅಭಿಮಾನವನ್ನು ನಾವು ಒಪ್ಪದಿರಲಾರೆವು. ಮುಂದೆ ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ಅದೇ ಅಣಕದ ಮಾತನ್ನು ಬಿರುದಾಗಿ ಮಾರ್ಪಡಿಸಿ ಆಕೆಯನ್ನು 'ಲೇಡಿ ಡೇ' ಎಂದರು. ಜಾಝ್ ಲೋಕದಲ್ಲಿ ಇಂಥ ಬಿರುದುಗಳು ಹಲವಿವೆ. ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ, ಕಿಂಗ್ ಆಲಿವರ್, ಬ್ಲೂಸ್ ಗಾನದ ಸಾಮ್ರಾಜ್ಞಿ ಎನಿಸಿದ ಬೆಸಿ ಸ್ಮಿತ್. ಇದನ್ನು ಕೇವಲ ಶೋಕಿ ಎನ್ನುವಂತಿಲ್ಲ. ಸಮಾಜ ಕೊಡದ ಮರ್ಯಾದೆಯನ್ನು ಅವರು ತಮ್ಮತಮ್ಮೊಳಗೇ ಹಂಚಿಕೊಂಡರು.

1930ರ ದಶಕದ ನಡುವಿನಲ್ಲಿ ಜಾಝ್ ಹಾರ್ಲೆಮಿನಿಂದ ಇಳಿದು ನಗರದ ನಡುಭಾಗದ 52ನೆಯ ಬೀದಿಗೆ ಬಂದಿತು. ಅಲ್ಲಿನ ಒಂದು ಕ್ಲಬ್ಬಿನ ಹೆಸರೇ 'ಫೇಮಸ್ ಡೋರ್', ಪ್ರಸಿದ್ಧವಾದ ಬಾಗಿಲು! 1935ರಲ್ಲಿ ಬಿಲ್ಲಿ ಹಾಲಿಡೇ ಅಲ್ಲಿ ಹಾಡಿದರು. ಆದರೆ ವಿರಾಮದಲ್ಲಿ ಕಪ್ಪು ಕಲಾವಿದರು ಗಿರಾಕಿಗಳೊಡನೆ ಬೆರೆಯುವಂತಿರಲಿಲ್ಲ. ಕೆಲವೇ ದಿನಗಳಲ್ಲಿ ಆಕೆಯ ಕೆಲಸ ಅಲ್ಲಿ ಕೊನೆಗೊಂಡಿತು. 1938ರಲ್ಲಿ ಬಿಳಿಯ ವಾದಕ ಆರ್ಟೀ ಶಾ ತಮ್ಮ ಮೇಳಕ್ಕೆ ಆಕೆಯನ್ನು ಸೇರಿಸಿಕೊಂಡದ್ದು ಆ ಕಾಲಕ್ಕೆ ಧೈರ್ಯದ ಕೆಲಸ. ದಕ್ಷಿಣದ ರಾಜ್ಯಗಳ ಪ್ರವಾಸದಲ್ಲಿ ಆಕೆ ಪಟ್ಟ ಅವಮಾನಗಳು ನಿರೀಕ್ಷಿತವೇ. ನೋವು ತಂದದ್ದು ನ್ಯೂಯಾರ್ಕಿನಲ್ಲಿಯೇ ಆದ ಅವಮಾನ. ಮೇಳ ನುಡಿಸುತ್ತಿದ್ದ ಹೋಟೆಲಿನಲ್ಲಿ ಅತಿಥಿಗಳ ಲಿಫ್ಟನ್ನು ಬಿಟ್ಟು ಸರಕಿನ ಲಿಫ್ಟಿನಲ್ಲಿ ಬಾ ಎಂದು ಆಕೆಗೆ ಹೇಳಲಾಯಿತು. ಆ ಹೋಟೆಲಿಗೆ ಇದ್ದ ಹೆಸರು ಗುಲಾಮರ ವಿಮೋಚಕನದು: ಹೋಟೆಲ್ ಲಿಂಕನ್. ಬಿಲ್ಲಿ ಆ ವರ್ಷವೇ ಮೇಳವನ್ನು ತೊರೆದರು.

ಅದೇ 1938ರ ಡಿಸೆಂಬರಿನಲ್ಲಿ ಒಂದು ಬಾಗಿಲು ತೆರೆಯಿತು. ಬಾರ್ನಿ ಜೋಸೆಫ್‌ಸನ್ ಎಂಬ, ಹಿಂದೆ ಪಾದರಕ್ಷೆಯ ವ್ಯಾಪಾರದಲ್ಲಿದ್ದ ಗೃಹಸ್ಥರು ಗ್ರೀನಿಚ್ ವಿಲೇಜಿನಲ್ಲಿ 'ಕೆಫೆ ಸೊಸೈಟಿ' ಎಂಬ ಕ್ಲಬ್ಬನ್ನು ಆರಂಭಿಸಿದರು. ಅಲ್ಲಿ ಕಪ್ಪು ಜನ, ಬಿಳಿಯ ಜನ ವೇದಿಕೆಯ ಮೇಲೂ ಜೊತೆಯಾಗಿ, ಮೇಜಿನ ಮುಂದೆಯೂ ಜೊತೆಯಾಗಿ ಕೂರಬಹುದಿತ್ತು. ಅಲ್ಲಿ 1939ರಲ್ಲಿ ಬಿಲ್ಲಿ ಹಾಲಿಡೇ 'ಸ್ಟ್ರೇಂಜ್ ಫ್ರೂಟ್' ಎಂಬ ಹಾಡನ್ನು ಹಾಡಿದರು. ದಕ್ಷಿಣದಲ್ಲಿ ಗುಂಪುಗೂಡಿ ಕಪ್ಪು ಜನರನ್ನು ಮರಕ್ಕೆ ನೇಣು ಹಾಕುತ್ತಿದ್ದ ಕ್ರೌರ್ಯವನ್ನು ಕುರಿತ ಹಾಡು ಅದು. ಬರೆದವರು ನ್ಯೂಯಾರ್ಕಿನ ಶಾಲಾ ಉಪಾಧ್ಯಾಯ ಏಬಲ್ ಮೀರೊಪೋಲ್. ಈ ಹಾಡಿಗೆ ಮೊದಲು ಮಾಣಿಗಳು ಬಡಿಸುವುದನ್ನು ನಿಲ್ಲಿಸಬೇಕು, ದೀಪಗಳನ್ನೆಲ್ಲ ಆರಿಸಬೇಕು, ಗಾಯಕಿಯ ಮುಖದ ಮೇಲೆ ಮಾತ್ರ ಒಂದು ಬೆಳಕು ಇರಬೇಕು, ಹಾಡು ಮುಗಿದ ಮೇಲೆ ಆಕೆ ಮತ್ತೆ ವೇದಿಕೆಗೆ ಬರಕೂಡದು ಎಂದು ಜೋಸೆಫ್‌ಸನ್ ಕಟ್ಟಳೆ ಮಾಡಿದರು. ಆಕೆಯ ತಟ್ಟೆಗಳನ್ನು ಹೊರತರುತ್ತಿದ್ದ ಕೊಲಂಬಿಯ ಕಂಪೆನಿ ಇದನ್ನು ಮುದ್ರಿಸಲು ಒಪ್ಪದಿದ್ದಾಗ, ಕಮೊಡೋರ್ ಎಂಬ ಸಣ್ಣ ಸಂಸ್ಥೆ ಏಪ್ರಿಲ್ 20ರಂದು ಮುದ್ರಿಸಿಕೊಂಡಿತು.

ಆ ಕತ್ತಲೆಯ ಕೆಲವು ನಿಮಿಷಗಳು ಜಾಝ್ ಗಾಯಕಿಯ ಸ್ಥಾನಮಾನದಲ್ಲಿ ಒಂದು ತಿರುವು ಎಂದು ನಾನು ಭಾವಿಸುತ್ತೇನೆ. ಅದುವರೆಗೆ ಆಕೆಯ ಹಾಡು ಊಟಕ್ಕೆ, ಕುಡಿತಕ್ಕೆ, ಕುಣಿತಕ್ಕೆ ಪಕ್ಕವಾದ್ಯ. ಜನ ಮಾತಾಡುತ್ತಿರುತ್ತಾರೆ, ತಟ್ಟೆ ಲೋಟಗಳು ಸದ್ದು ಮಾಡುತ್ತಿರುತ್ತವೆ, ಅದರ ನಡುವೆ ಆಕೆ ಹಾಡುತ್ತಿರುತ್ತಾಳೆ. ಕೆಫೆ ಸೊಸೈಟಿಯಲ್ಲಿ ಕೇಳುವವರು ಮೌನವಾಗಿರಬೇಕಾಯಿತು. ರಂಜಿಸುವವಳು ಎಂಬ ಸ್ಥಾನದಿಂದ ಹೇಳಬೇಕಾದದ್ದನ್ನು ಹೇಳುವವರು ಎಂಬ ಸ್ಥಾನಕ್ಕೆ ಗಾಯಕಿ ಏರಿದರು.

ವಾದಕರಿಗಿಂತ ಮೇಲಕ್ಕೆ ಗಾಯಕರು ಏರಿದ್ದು ಮಾತ್ರ ವಿಚಿತ್ರವಾದ ಕಾರಣದಿಂದ. 1942ರ ಆಗಸ್ಟ್ 1ರಂದು ವಾದಕರ ಸಂಘ ಗ್ರಾಮಫೋನ್ ಕಂಪೆನಿಗಳ ವಿರುದ್ಧ ಮುಷ್ಕರ ಹೂಡಿತು. ತಟ್ಟೆಗಳ ಮಾರಾಟದಲ್ಲಿ ವಾದಕರಿಗೂ ಪಾಲು ಬರಬೇಕೆಂಬುದು ಬೇಡಿಕೆ. 1944ರವರೆಗೂ ಎಳೆದ ಈ ಮುಷ್ಕರದಲ್ಲಿ ವಾದಕರು ಸ್ಟುಡಿಯೋಗಳತ್ತ ಸುಳಿಯಲಿಲ್ಲ. ಗಾಯಕರೋ, ಸಂಘದ ಲೆಕ್ಕದಲ್ಲಿ ಸಂಗೀತಗಾರರೇ ಅಲ್ಲವಲ್ಲ! ಅವರನ್ನು ತಡೆಯುವ ನಿಯಮವಿರಲಿಲ್ಲ. ವಾದ್ಯಗಳ ಬದಲು ಕಂಠಮೇಳವನ್ನು ಹಿನ್ನೆಲೆಗಿಟ್ಟುಕೊಂಡು ಅವರು ತಟ್ಟೆಗಳನ್ನು ಹೊರತಂದರು. ಮುಷ್ಕರ ಮುಗಿಯುವ ಹೊತ್ತಿಗೆ ಜನ ಮೇಳದ ಯಜಮಾನರ ಬದಲು ಗಾಯಕರ ಹೆಸರು ಹೇಳಿ ತಟ್ಟೆಗಳನ್ನು ಕೇಳುತ್ತಿದ್ದರು. ಯುದ್ಧಕಾಲದ ಬೇರೆ ಕಾರಣಗಳೂ ಸೇರಿ ದೊಡ್ಡ ಮೇಳಗಳ ಕಾಲ ಮುಗಿಯುತ್ತ ಬಂದಿತು. ಗಾಯಕರನ್ನು ಹೊರಗಿಟ್ಟ ಅದೇ ನಿಯಮ ಕೊನೆಗೆ ಅವರನ್ನೇ ಮೇಲೆತ್ತಿತು.

ಆದರೆ ಕುರ್ಚಿ, ಬಾಗಿಲು ಎರಡನ್ನೂ ದಾಟಿದ ಮೇಲೆಯೂ ಕಾಗದ ಉಳಿದಿತ್ತು. 1926ರಿಂದ ನ್ಯೂಯಾರ್ಕಿನಲ್ಲಿ ಸಂಗೀತ ನರ್ತನಗಳಿರುವ ಪಾನಗೃಹಗಳಿಗೆ ಪರವಾನಗಿ ಬೇಕಾಗಿತ್ತು. 1940ರಿಂದ ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಪೊಲೀಸರಿಂದ 'ಕ್ಯಾಬರೆ ಕಾರ್ಡು' ಪಡೆಯಬೇಕಾಯಿತು. ಪೊಲೀಸು ಕಚೇರಿಗೆ ಹೋಗಿ ಬೆರಳಚ್ಚು ಕೊಟ್ಟು, ಭಾವಚಿತ್ರ ತೆಗೆಸಿಕೊಂಡು, ಹಿಂದೆ ಶಿಕ್ಷೆಯಾಗಿದ್ದರೆ ತಿಳಿಸಿ, ಎರಡು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕು. ನಡತೆ ಸರಿಯಿಲ್ಲವೆಂದು ಪೊಲೀಸರಿಗೆ ತೋರಿದರೆ ಕಾರ್ಡಿಲ್ಲ. ಕಾರ್ಡಿಲ್ಲದಿದ್ದರೆ ಕ್ಲಬ್ಬಿಲ್ಲ. ಗಾಯಕರಿಗೆ ಕ್ಲಬ್ಬೇ ಅನ್ನ.

ಮಾದಕ ವಸ್ತುವಿನ ಚಟಕ್ಕೆ ಬಿದ್ದಿದ್ದ ಬಿಲ್ಲಿ ಹಾಲಿಡೇ 1947ರಲ್ಲಿ ಬಂಧನಕ್ಕೊಳಗಾಗಿ, ಒಂದು ವರ್ಷ ಒಂದು ದಿನದ ಶಿಕ್ಷೆ ಪಡೆದು, ಪಶ್ಚಿಮ ವರ್ಜೀನಿಯದ ಆಲ್ಡರ್ಸನ್ ಸೆರೆಮನೆಯಲ್ಲಿದ್ದರು. 1948ರ ಮಾರ್ಚಿನಲ್ಲಿ ಬಿಡುಗಡೆಯಾಗಿ ಎರಡು ವಾರ ಕಳೆಯುವುದರೊಳಗೆ, 27ರಂದು, ಕಾರ್ನೆಗಿ ಹಾಲಿನಲ್ಲಿ ಆಕೆಯ ಕಚೇರಿ ನಡೆಯಿತು. ಸಭಾಂಗಣ ತುಂಬಿ ತುಳುಕಿತು. ಅಮೆರಿಕದಲ್ಲಿ ಸಂಗೀತಕ್ಕೆ ಅದಕ್ಕಿಂತ ದೊಡ್ಡ ವೇದಿಕೆ ಇಲ್ಲ. ಆದರೆ ಅಲ್ಲಿಂದ ಹೊರಬಂದು ಬೀದಿಯ ಒಂದು ಸಣ್ಣ ಕ್ಲಬ್ಬಿನಲ್ಲಿ ಹಾಡಲು ಆಕೆಗೆ ಅನುಮತಿ ಇರಲಿಲ್ಲ. ಮದ್ಯ ಮಾರದ ಕಾರ್ನೆಗಿ ಹಾಲಿಗೆ ಕಾರ್ಡು ಬೇಕಿಲ್ಲ, ಮದ್ಯ ಮಾರುವ ಕ್ಲಬ್ಬಿಗೆ ಬೇಕು. ಆ ಕಾರ್ಡು ಆಕೆಗೆ ಇಲ್ಲವಾಗಿತ್ತು. ವರ್ಷಕ್ಕೊಂದೆರಡು ದಿನ ಸಿಂಹಾಸನ, ಮಿಕ್ಕ ದಿನ ಊರ ಹೊರಗೆ! ಜೀವನದ ಉಳಿದ ಹನ್ನೊಂದು ವರ್ಷ ಆಕೆ ಹೆಚ್ಚಾಗಿ ಬೇರೆ ಊರುಗಳ ಕ್ಲಬ್ಬುಗಳಲ್ಲಿ ಹಾಡಿ ಸಂಪಾದಿಸಬೇಕಾಯಿತು. ಈ ಕಾರ್ಡು ಪುರುಷರನ್ನೂ ಬಿಡಲಿಲ್ಲ. ಪಿಯಾನೋ ವಾದಕ ಥೆಲೋನಿಯಸ್ ಮಾಂಕ್ 1951ರಿಂದ 1957ರವರೆಗೆ ಅದನ್ನು ಕಳೆದುಕೊಂಡಿದ್ದರು.

ಇದನ್ನು ಕೇಳಿ 'ಅಮೆರಿಕದವರ ಕಥೆ' ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಾನು ಈಗ ಮಾತಾಡುತ್ತಿರುವ ಈ ಆಕಾಶವಾಣಿಯ ಚರಿತ್ರೆಯಲ್ಲಿಯೇ ಇದಕ್ಕೆ ಹೋಲುವ ಒಂದು ಪುಟವಿದೆ. ಸರ್ದಾರ್ ಪಟೇಲರು ಪ್ರಸಾರ ಖಾತೆಯನ್ನು ವಹಿಸಿಕೊಂಡ 1946ರ ಸುಮಾರಿನಲ್ಲಿ, ಖಾಸಗಿ ಜೀವನ ಲೋಕಾಪವಾದಕ್ಕೆ ಗುರಿಯಾದವರನ್ನು ಹಾಡಲು ಕರೆಯಬಾರದೆಂಬ ಆದೇಶ ಹೊರಟಿತ್ತು. ಅದರ ಏಟು ಬಿದ್ದದ್ದು, ತಲೆಮಾರುಗಳಿಂದ ಠುಮ್ರಿ, ದಾದರಾ, ಗಜಲ್‌ಗಳನ್ನು ಕಾಪಾಡಿಕೊಂಡು ಬಂದಿದ್ದ ಗಾಯಕಿಯರ ಮನೆತನಗಳ ಮೇಲೆ. ನಡತೆಯ ಪ್ರಮಾಣಪತ್ರ ತಂದರೆ ಮಾತ್ರ ಸ್ವರಕ್ಕೆ ಬೆಲೆ ಎಂಬ ಭಾವನೆ ಒಂದು ದೇಶದ್ದಲ್ಲ, ಒಂದು ಬಣ್ಣದ್ದೂ ಅಲ್ಲ. ಅದರ ಭಾರ ಹೆಣ್ಣಿನ ಮೇಲೆ ಹೆಚ್ಚು ಬೀಳುತ್ತದೆ ಎಂಬುದು ಮಾತ್ರ ಎಲ್ಲೆಡೆಯೂ ಒಂದೇ.

1959ರ ಬೇಸಿಗೆಯಲ್ಲಿ ಬಿಲ್ಲಿ ಹಾಲಿಡೇ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹಾಸಿಗೆಯಲ್ಲಿಯೇ ಆಕೆಯನ್ನು ಬಂಧಿಸಿ ಬಾಗಿಲಿಗೆ ಪೊಲೀಸರ ಕಾವಲು ಹಾಕಲಾಯಿತು. ಜುಲೈ 17ರಂದು ಆಕೆ ತೀರಿಕೊಂಡರು. ವಯಸ್ಸು 44. ಬ್ಯಾಂಕಿನಲ್ಲಿದ್ದದ್ದು 70 ಸೆಂಟು. 1930ರ ದಶಕದಲ್ಲಿ ಆಕೆ ಹಾಡಿದ ತಟ್ಟೆಗಳಿಗೆ ಸಿಕ್ಕಿದ್ದು ಅಂದಂದಿನ ಕೂಲಿ ಮಾತ್ರ. ಮಾರಾಟದ ಮೇಲಿನ ರಾಯಲ್ಟಿಯಲ್ಲಿ ಆಕೆಗೆ ಪಾಲಿರಲಿಲ್ಲ. ಅಂದಿನ ಪತ್ರಿಕೆಯಲ್ಲಿ ಆಕೆಯ ಮುಖ ಕಂಡ ಕವಿ ಫ್ರಾಂಕ್ ಒಹಾರಾ ಅದೇ ದಿನ ಒಂದು ಕವನ ಬರೆದರು. 'ಲೇಡಿ ಡೇ' ಎಂಬ ಬಿರುದನ್ನು ತಿರುವುಮುರುವಾಗಿಸಿ ಅದಕ್ಕೆ 'ದ ಡೇ ಲೇಡಿ ಡೈಡ್' ಎಂದು ಹೆಸರಿಟ್ಟರು. ಆಧುನಿಕ ಅಮೆರಿಕನ್ ಕಾವ್ಯವನ್ನು ಓದುವವರೆಲ್ಲ ಬಲ್ಲ ಕವನ ಅದು.

ಎಲ್ಲರ ಬಾಳೂ ಹೀಗೆಯೇ ಮುಗಿಯಲಿಲ್ಲವೆನ್ನುವುದು ಸಮಾಧಾನ. ಎಲ್ಲಾ ಫಿಟ್ಸ್‌ಜೆರಾಲ್ಡ್ ಅವರಿಗೆ ನಾರ್ಮನ್ ಗ್ರಾಂಜ್ ಎಂಬ ವ್ಯವಸ್ಥಾಪಕರು ಸಿಕ್ಕರು. ಬಣ್ಣದ ಮೇಲೆ ಆಸನಗಳನ್ನು ವಿಂಗಡಿಸುವ ಸಭಾಂಗಣದಲ್ಲಿ ಕಚೇರಿ ಮಾಡಿಸುವುದಿಲ್ಲ ಎಂಬುದು ಅವರ ಹಟ. 1955ರಲ್ಲಿ ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ಹಾಗೆ ಹಟ ಹಿಡಿದದ್ದಕ್ಕೆ, ಜೂಜಿನ ನೆಪ ಒಡ್ಡಿ ಪೊಲೀಸರು ವೇದಿಕೆಯ ಹಿಂದೆಯೇ ಎಲ್ಲಾ ಅವರನ್ನೂ ಸಂಗಡಿಗರನ್ನೂ ಬಂಧಿಸಿದರು. ಠಾಣೆಗೆ ಕರೆದೊಯ್ದ ಮೇಲೆ ಅದೇ ಪೊಲೀಸರು ಆಕೆಯ ಹಸ್ತಾಕ್ಷರವನ್ನು ಕೇಳಿದರಂತೆ! ನಾನು ಇದುವರೆಗೆ ಹೇಳಿದ್ದೆಲ್ಲವೂ ಆ ಒಂದು ಘಟನೆಯಲ್ಲಿ ಅಡಗಿದೆ. 1956ರಿಂದ ಎಲ್ಲಾ ಹೊರತಂದ 'ಸಾಂಗ್‌ಬುಕ್' ಮಾಲಿಕೆ, ಒಬ್ಬೊಬ್ಬ ಗೀತಕಾರರ ರಚನೆಗಳನ್ನು ಒಟ್ಟಾಗಿಟ್ಟು ಹಾಡಿದ ಮಹತ್ಕಾರ್ಯ, ಆಕೆಯನ್ನು ರಾತ್ರಿಯ ಕ್ಲಬ್ಬಿನಿಂದ ಮನೆಮನೆಯ ಗ್ರಂಥಭಂಡಾರಕ್ಕೆ ತಂದಿತು ಎನ್ನಬಹುದು. ಬೆಟ್ಟಿ ಕಾರ್ಟರ್ ಎಂಬ ಮತ್ತೊಬ್ಬ ಗಾಯಕಿ ಕಂಪೆನಿಗಳ ಹಂಗೇ ಬೇಡವೆಂದು 1969ರಲ್ಲಿ ತಮ್ಮದೇ ಮುದ್ರಣ ಸಂಸ್ಥೆಯನ್ನು ಹೂಡಿದರು. ಕ್ಯಾಬರೆ ಕಾರ್ಡು 1967ರಲ್ಲಿ ರದ್ದಾಯಿತು. ಅದಕ್ಕೆ ಆಧಾರವಾದ 1926ರ ಕಾನೂನು ಹೋಗಲು 2017 ಬರಬೇಕಾಯಿತು.

ಬಿಲ್ಲಿ ಹಾಲಿಡೇ ಅವರಿಗೂ ಮರ್ಯಾದೆ ಬಂದಿತು. 1994ರಲ್ಲಿ ಅಮೆರಿಕದ ಅಂಚೆ ಇಲಾಖೆ ಆಕೆಯ ಚಿತ್ರದ ಅಂಚೆಚೀಟಿ ತಂದಿತು. 1999ರಲ್ಲಿ 'ಟೈಮ್' ಪತ್ರಿಕೆ 'ಸ್ಟ್ರೇಂಜ್ ಫ್ರೂಟ್' ಶತಮಾನದ ಹಾಡು ಎಂದಿತು. ಸತ್ತವರಿಗೆ ಮರ್ಯಾದೆ ಕೊಡುವುದು ಸುಲಭ. ಅವರು ಯಾವ ಲಿಫ್ಟಿನಲ್ಲಿ ಬರುತ್ತಾರೆ ಎಂಬ ಪ್ರಶ್ನೆ ಆಗ ಏಳುವುದಿಲ್ಲ.

ಈಗಲೂ ಆ ದನಿಯನ್ನು ಕೇಳುವಾಗ ನನಗೆ ಮೊದಲಿನ ಸಂತೋಷವೇ ಆಗುತ್ತದೆ. ಆದರೆ ಅದರ ಜೊತೆಗೆ ಒಂದು ಪ್ರಶ್ನೆಯೂ ಏಳುತ್ತದೆ. ನಮ್ಮ ಊರಿನ ಮದುವೆಯಲ್ಲಿ, ಉತ್ಸವದಲ್ಲಿ, ಸಭೆಯಲ್ಲಿ ಹಾಡಲು ಬರುವವರ ಕಂಠವನ್ನು ನಾವು ಕೊಂಡಾಡುತ್ತೇವೆ. ಅವರು ಯಾವ ಬಾಗಿಲಿನಿಂದ ಒಳಗೆ ಬಂದರು, ಹಾಡು ಮುಗಿದ ಮೇಲೆ ಯಾವ ಪಂಕ್ತಿಯಲ್ಲಿ ಕುಳಿತು ಉಂಡರು ಎಂಬುದನ್ನು ನೋಡಿದ್ದೇವೆಯೆ? ಮುಂದಿನ ಸಲ ಚಪ್ಪಾಳೆ ತಟ್ಟಿದ ಮೇಲೆ ಒಮ್ಮೆ ಹಿಂತಿರುಗಿ ನೋಡೋಣ.